ಮಕ್ಖಿಯಿಂದ ಚುಕ್ಕಿಗೆ: ಪಿಸ್ತೂಲಿನ ಗುರಿ ಮತ್ತು ನಮ್ಮ ಕಣ್ಣು

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



2024ರ ಜುಲೈ 30ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಕಂಚಿನ ಪದಕ ಗೆದ್ದರು. ಅದೇ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ದಿಕೆಚ್ ಅವರ ಚಿತ್ರವನ್ನು ನಿಮ್ಮಲ್ಲಿ ನೋಡದವರು ಕಡಿಮೆ. ವಯಸ್ಸು 51, ಮೂಗಿನ ಮೇಲೆ ಸಾಧಾರಣ ಕನ್ನಡಕ, ಒಂದು ಕೈ ಪ್ಯಾಂಟಿನ ಜೇಬಿನಲ್ಲಿ. ಉಳಿದವರೆಲ್ಲ ವಿಚಿತ್ರ ಸಲಕರಣೆ ತೊಟ್ಟು ನಿಂತಿದ್ದರು, ಇವರು ಬರಿಗೈಯಲ್ಲಿ ಗೆದ್ದರು ಎಂದು ಜಗತ್ತೇ ಮಾತಾಡಿಕೊಂಡಿತು.

ಆ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿದೆ. ಉಳಿದವರ ಮುಖದ ಮೇಲಿದ್ದುದು ಒಂದು ಕಣ್ಣಿಗೆ ಮರೆ, ಇನ್ನೊಂದು ಕಣ್ಣಿಗೆ ಮಸೂರ ಅಥವಾ ಸಣ್ಣ ರಂಧ್ರದ ತಟ್ಟೆ. ಅವರ ಪಿಸ್ತೂಲಿನ ಮೇಲೆ ಮಾತ್ರ ಏನೂ ಇರಲಿಲ್ಲ. ಮನು ಭಾಕರ್ ಅವರ ಪಿಸ್ತೂಲಿನಲ್ಲೂ ದಿಕೆಚ್ ಅವರ ಪಿಸ್ತೂಲಿನಲ್ಲೂ ಗುರಿಗೆ ಇದ್ದುದು ಮುಂದೊಂದು ಗೂಟ, ಹಿಂದೊಂದು ಕಚ್ಚು, ಅಷ್ಟೆ. ಇದನ್ನೇ ಇಂಗ್ಲಿಷಿನಲ್ಲಿ ಐರನ್ ಸೈಟ್ ಎನ್ನುತ್ತಾರೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಪಿಸ್ತೂಲಿಗೆ ದೂರದರ್ಶಕ, ಲೇಸರ್, ಬೆಳಕಿನ ಚುಕ್ಕಿ ಯಾವುದನ್ನೂ ಜೋಡಿಸುವಂತಿಲ್ಲ.

ಒಲಿಂಪಿಕ್ಸ್‌ನ ಹೊರಗೆ ಚಿತ್ರ ಬೇರೆಯೇ ಆಗಿದೆ. ಅಮೆರಿಕದ ಪೊಲೀಸರಲ್ಲಿ, ಸೈನ್ಯದಲ್ಲಿ, ವೇಗದ ಪಿಸ್ತೂಲ್ ಸ್ಪರ್ಧೆಗಳಲ್ಲಿ ಜನರು ಐರನ್ ಸೈಟ್ ಬಿಟ್ಟು ರೆಡ್ ಡಾಟ್ ಎಂಬ ಕೆಂಪು ಚುಕ್ಕಿಯ ಗುರಿಗೆ ಬದಲಾಗುತ್ತಿದ್ದಾರೆ. ಎನ್.ಸಿ.ಸಿ.ಯಲ್ಲಿ .22 ರೈಫಲ್ ಹಿಡಿದು ಬಂದ ಹುಡುಗರು, ಶೂಟಿಂಗ್ ಕ್ಲಬ್ಬಿಗೆ ಸೇರುವ ಆಸೆಯಿರುವ ಹುಡುಗಿಯರು ಶಾಲೆಯಲ್ಲಿ ಕೇಳುವ ಪ್ರಶ್ನೆ ಇದೇ: ‘ಸರ್, ಆ ಚುಕ್ಕಿ ಹಾಕಿದರೆ ಗುರಿ ತಪ್ಪುವುದೇ ಇಲ್ಲವಂತೆ, ನಿಜವೇ?’ ಭಾಷೆ ಕಲಿಸುವ ಮೇಷ್ಟ್ರಿಗೆ ಪಿಸ್ತೂಲಿನ ಉಸಾಬರಿ ಏಕೆ ಎಂದು ಹಿರಿಯರು ಭಾವಿಸಬಾರದು. ಇದು ಕಣ್ಣಿನ ಮಾತು, ಕಲಿಕೆಯ ಮಾತು. ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದು ಅಪರಾಧ. ನಾನು ಹೇಳುವುದೆಲ್ಲ ಅಧಿಕೃತ ರೇಂಜಿನಲ್ಲಿ, ತರಬೇತುದಾರರ ಕಣ್ಣೆದುರಿಗೆ ನಡೆಯುವ ಅಭ್ಯಾಸಕ್ಕೆ ಸಂಬಂಧಿಸಿದ್ದು.

ಮೊದಲು ಹಳೆಯದನ್ನು ತಿಳಿಯೋಣ. ಉರ್ದುವಿನಲ್ಲಿ ಬಂದೂಕಿನ ಮುಂದಿನ ಗೂಟಕ್ಕೆ ‘ಮಕ್ಖಿ’ ಎಂಬ ಹೆಸರಿದೆ. ಮಕ್ಖಿ ಎಂದರೆ ನೊಣ. ನಳಿಗೆಯ ತುದಿಯಲ್ಲಿ ನೊಣ ಕುಳಿತಂತೆ ಕಾಣುವುದರಿಂದ ಆ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ! ಗುರಿ ನೋಡುವ ಸಾಧನಕ್ಕೆ ‘ದೀದಬಾನ್’ ಎಂಬ ಮಾತೂ ಇದೆ. ನೋಡುವವನು, ಕಾವಲುಗಾರ ಎಂದು ಅದರ ಅರ್ಥ. ಹಿಂದಿನ ಕಚ್ಚಿನ ನಡುವೆ ಮಕ್ಖಿ ಸರಿಯಾಗಿ ಕೂರಬೇಕು. ಎರಡೂ ಬದಿಯಲ್ಲಿ ಸಮನಾದ ಬೆಳಕು ಕಾಣಬೇಕು, ಮೇಲಿನ ಅಂಚು ಒಂದೇ ಮಟ್ಟದಲ್ಲಿರಬೇಕು. ಹಾಗೆ ಕೂರಿಸಿ, ಆ ಜೋಡಿಯನ್ನು ಗುರಿಯ ಮೇಲಿಟ್ಟು, ಅಲುಗಿಸದೆ ಟ್ರಿಗರ್ ಒತ್ತಬೇಕು.

ಹೇಳುವುದು ಸುಲಭ, ಮಾಡುವುದು ಕಷ್ಟ. ಏಕೆಂದರೆ ಕಚ್ಚು, ಮಕ್ಖಿ, ಗುರಿ ಮೂರೂ ಮೂರು ದೂರದಲ್ಲಿವೆ, ಕಣ್ಣಿಗೆ ಒಂದು ಸಲಕ್ಕೆ ಒಂದೇ ದೂರ ಸ್ಪಷ್ಟ. ನಂಬಿಕೆಯಾಗದಿದ್ದರೆ ಈಗಲೇ ಕೈ ಚಾಚಿ ಹೆಬ್ಬೆರಳು ಎತ್ತಿ, ಅದರ ಹಿಂದೆ ಗೋಡೆಯ ಗಡಿಯಾರವನ್ನು ನೋಡಿ. ಗಡಿಯಾರ ಸ್ಪಷ್ಟವಾದರೆ ಬೆರಳು ಮಸುಕು, ಬೆರಳು ಸ್ಪಷ್ಟವಾದರೆ ಗಡಿಯಾರ ಮಸುಕು. ಆದುದರಿಂದಲೇ ತಲೆಮಾರುಗಳಿಂದ ಗುರುಗಳು ಶಿಷ್ಯರಿಗೆ ‘ಮಕ್ಖಿಯನ್ನು ನೋಡು, ಗುರಿ ಮಸುಕಾಗಲಿ ಬಿಡು’ ಎಂದೇ ಕಲಿಸಿದರು.

ಅವರು ಹಾಗೆ ಹೇಳಿದ್ದಕ್ಕೆ ಲೆಕ್ಕದ ಆಧಾರವಿದೆ. ಸಾಮಾನ್ಯ ಪೊಲೀಸ್ ಪಿಸ್ತೂಲಿನಲ್ಲಿ ಕಚ್ಚಿಗೂ ಮಕ್ಖಿಗೂ ನಡುವೆ ಸುಮಾರು 165 ಮಿ.ಮೀ. ಅಂತರ. ಕಚ್ಚಿನೊಳಗೆ ಮಕ್ಖಿ ಕೇವಲ 1 ಮಿ.ಮೀ. ಪಕ್ಕಕ್ಕೆ ಸರಿದರೂ 10 ಮೀಟರಿನಲ್ಲಿ ಗುಂಡು ಸುಮಾರು 6 ಸೆಂ.ಮೀ. ತಪ್ಪುತ್ತದೆ, 25 ಮೀಟರಿನಲ್ಲಿ 15 ಸೆಂ.ಮೀ. ಅದೇ, ಎರಡರ ಹೊಂದಾಣಿಕೆ ಕೆಡದೆ ಇಡೀ ಕೈ 5 ಮಿ.ಮೀ. ಪಕ್ಕಕ್ಕೆ ಜರುಗಿದರೆ ಗುಂಡೂ 5 ಮಿ.ಮೀ. ಮಾತ್ರ ಜರುಗುತ್ತದೆ. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಅಂದರೆ ನಮ್ಮ ಅಂಗಿಯ ಗುಂಡಿಯಷ್ಟು. ಮಕ್ಖಿಯನ್ನು ಕಣ್ಣಿಟ್ಟು ಕಾಯದಿದ್ದರೆ ಆ ಗುಂಡಿ ಸಿಗುವುದಿಲ್ಲ.

ಕಣ್ಣಿನ ಈ ಕೆಲಸಕ್ಕೆ ವಯಸ್ಸು ಅಡ್ಡ ಬರುತ್ತದೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುತ್ತದೆ. ಉರ್ದುವಿನ ‘ಚಾಲೀಸ್’ ಎಂದರೆ ನಲವತ್ತು. ಅದರಿಂದಲೇ ಕನ್ನಡದ ‘ಚಾಳೀಸು’ ಎಂಬ ಮಾತು ಬಂತು. ನಲವತ್ತಕ್ಕೆ ಬರುವ ದೋಷ, ನಲವತ್ತಕ್ಕೆ ಬರುವ ಕನ್ನಡಕ! ಚಾಳೀಸು ಬಂದವನಿಗೆ ಕೈಯಳತೆಯ ದೂರದಲ್ಲಿರುವ ಮಕ್ಖಿಯ ಅಂಚು ಮಬ್ಬಾಗುತ್ತದೆ. ಸಣ್ಣ ರಂಧ್ರದ ಮೂಲಕ ನೋಡಿದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ತಕ್ಕಮಟ್ಟಿಗೆ ಸ್ಪಷ್ಟವಾಗುತ್ತವೆ. ಪ್ಯಾರಿಸ್‌ನಲ್ಲಿ ನೀವು ಕಂಡ ರಂಧ್ರದ ತಟ್ಟೆಯ ಗುಟ್ಟು ಅದು. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಪುಸ್ತಕದ ಅಕ್ಷರ ನೋಡಿ, ನಿಮಗೇ ತಿಳಿಯುತ್ತದೆ.

ಇನ್ನು ಕೆಂಪು ಚುಕ್ಕಿ. ಪಿಸ್ತೂಲಿನ ಮೇಲೆ ಅಂಚೆ ಚೀಟಿಯಷ್ಟು ಗಾಜಿನ ಪುಟ್ಟ ಕಿಟಕಿ. ಅದರ ಹಿಂದೆ ಕೆಳಗೆ ಸಣ್ಣ ಎಲ್.ಇ.ಡಿ. ದೀಪ. ಗಾಜು ಸ್ವಲ್ಪ ಬಾಗಿದೆ, ಅದರ ಮೇಲಿನ ತೆಳು ಲೇಪನ ಕೆಂಪು ಬೆಳಕನ್ನು ಹಿಂದಕ್ಕೆ ಪ್ರತಿಫಲಿಸಿ ಉಳಿದ ಬೆಳಕನ್ನು ಒಳಗೆ ಬಿಡುತ್ತದೆ. ಹತ್ತನೆಯ ತರಗತಿಯವರು ನಿಮ್ನ ದರ್ಪಣದ ಪಾಠ ನೆನಪಿಸಿಕೊಳ್ಳಿ. ಸಂಗಮದಲ್ಲಿ ದೀಪವಿಟ್ಟರೆ ಪ್ರತಿಫಲಿಸಿದ ಕಿರಣಗಳು ಸಮಾಂತರವಾಗಿ ಹೊರಡುತ್ತವೆ. ಸಮಾಂತರ ಕಿರಣ ಬಹುದೂರದಿಂದ ಬಂದಂತೆ ಕಣ್ಣಿಗೆ ಕಾಣುತ್ತದೆ. ಹೀಗಾಗಿ ಚುಕ್ಕಿ ಗಾಜಿನ ಮೇಲಲ್ಲ, ದೂರದಲ್ಲಿ, ಗುರಿಯ ಬಳಿಯೇ ತೇಲಿದಂತೆ ತೋರುತ್ತದೆ. ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಮರ ಹಿಂದೆ ಸರಿಯುತ್ತದೆ, ಚಂದ್ರ ಮಾತ್ರ ನಮ್ಮ ಜೊತೆಗೇ ಬರುತ್ತಾನಲ್ಲವೇ? ಚುಕ್ಕಿಯೂ ಹಾಗೆಯೇ. ತಲೆ ಸ್ವಲ್ಪ ಅತ್ತಿತ್ತ ಆದರೂ, ಚುಕ್ಕಿ ಕಿಟಕಿಯ ಮೂಲೆಗೆ ಸರಿದರೂ, ಅದು ಗುರಿಯ ಮೇಲಿರುವವರೆಗೆ ನಳಿಗೆ ಬಹುಮಟ್ಟಿಗೆ ಅತ್ತಲೇ ಮುಖ ಮಾಡಿರುತ್ತದೆ.

ಅನೇಕರು ಇದನ್ನು ಲೇಸರ್ ಎಂದು ತಿಳಿಯುತ್ತಾರೆ. ಅದು ಸರಿಯಲ್ಲ. ಲೇಸರ್ ಹೊರಗೆ ಹೋಗಿ ಗುರಿಯ ಮೇಲೆ ಬೀಳುತ್ತದೆ, ಎದುರಿನವನಿಗೂ ಕಾಣುತ್ತದೆ. ಈ ಚುಕ್ಕಿ ಹೊರಗೆ ಹೋಗುವುದೇ ಇಲ್ಲ, ಗಾಜಿನಿಂದ ನೋಡುವವನ ಕಣ್ಣಿಗೆ ಬರುತ್ತದೆ ಅಷ್ಟೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ವಾದವನ್ನು ಅಲ್ಲಗಳೆದು, ವಸ್ತುವಿನ ಬೆಳಕೇ ಕಣ್ಣಿಗೆ ಬರುತ್ತದೆ ಎಂದು ಸಾವಿರ ವರ್ಷಗಳ ಹಿಂದೆ ‘ಕಿತಾಬುಲ್ ಮನಾಜಿರ್’ ಗ್ರಂಥದಲ್ಲಿ ವಾದಿಸಿದವರು ಇಬ್ನುಲ್ ಹೈಸಮ್. ಈ ಪುಟ್ಟ ಕಿಟಕಿ ಆ ಪಾಠಕ್ಕೆ ಒಂದು ಒಳ್ಳೆಯ ಉದಾಹರಣೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವೂ ಅಲ್ಲ. 1900ರಲ್ಲಿ ಡಬ್ಲಿನ್‌ನ ದೂರದರ್ಶಕ ತಯಾರಕ ಹೋವಾರ್ಡ್ ಗ್ರಬ್ ಪ್ರತಿಫಲನದ ಗುರಿಸಾಧನವನ್ನು ರೂಪಿಸಿದರು. 1918ರಲ್ಲಿ ಜರ್ಮನಿಯ ಕೆಲವು ಯುದ್ಧ ವಿಮಾನಗಳಿಗೆ ಅದು ಬಂತು, ಎರಡನೆಯ ಮಹಾಯುದ್ಧದ ವೇಳೆಗೆ ವಿಮಾನಗಳಲ್ಲಿ ಸಾಮಾನ್ಯವಾಯಿತು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ಬ್ಯಾಟರಿಯಿಂದ ನಡೆಯುವ ಕೆಂಪು ಚುಕ್ಕಿಯನ್ನು ಮಾರುಕಟ್ಟೆಗೆ ತಂದಿತು. 1990ರಲ್ಲಿ ಅಮೆರಿಕದ ಡಗ್ ಕೋನಿಗ್ ಚುಕ್ಕಿಯ ಪಿಸ್ತೂಲಿನಿಂದ ಐ.ಪಿ.ಎಸ್.ಸಿ. ವಿಶ್ವ ಸ್ಪರ್ಧೆ ಗೆದ್ದ ಮೇಲೆ ವೇಗದ ಸ್ಪರ್ಧಿಗಳು ಅತ್ತ ತಿರುಗಿದರು. ಆದರೆ ಆಗಿನ ಸಾಧನ ದೊಡ್ಡ ಕೊಳವೆ, ಸೊಂಟದಲ್ಲಿ ಕಟ್ಟಿಕೊಂಡು ತಿರುಗುವಂಥದ್ದಲ್ಲ. ಪಿಸ್ತೂಲಿನ ಮೇಲ್ಭಾಗ ಪ್ರತಿ ಗುಂಡಿಗೂ ರಭಸದಿಂದ ಹಿಂದಕ್ಕೆ ಹೋಗಿ ಮುಂದಕ್ಕೆ ಬಡಿಯುತ್ತದೆ. ಆ ಪೆಟ್ಟು ತಾಳುವ ಪುಟ್ಟ ಸಾಧನ ಬೇಕಿತ್ತು. 2009ರಲ್ಲಿ ಟ್ರಿಜಿಕಾನ್ ಸಂಸ್ಥೆಯ ಆರ್.ಎಂ.ಆರ್. ಬಂತು. 2015ರಲ್ಲಿ ಗ್ಲಾಕ್ ಸಂಸ್ಥೆ ಕಾರ್ಖಾನೆಯಲ್ಲೇ ಜಾಗ ಕೊರೆದ ಪಿಸ್ತೂಲುಗಳನ್ನು ಹೊರತಂದಿತು. 2017ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡ ಎಂ17 ಪಿಸ್ತೂಲಿನಲ್ಲೂ ಚುಕ್ಕಿ ಜೋಡಿಸಲು ಅನುಕೂಲವಿದೆ.

ಹಾಗಾದರೆ ಬದಲಾಗುವುದೇನು? ಮುಖ್ಯವಾಗಿ ಒಂದೇ: ಕಣ್ಣು ಇಡುವ ಜಾಗ. ಐರನ್ ಸೈಟಿನವನು ಮಕ್ಖಿಯನ್ನು ನೋಡುತ್ತಾನೆ, ಚುಕ್ಕಿಯವನು ಗುರಿಯನ್ನು ನೋಡುತ್ತಾನೆ, ಎರಡೂ ಕಣ್ಣು ತೆರೆದು ನೋಡುತ್ತಾನೆ. ಹೊಂದಿಸಬೇಕಾದ ವಸ್ತುಗಳು ಮೂರರಿಂದ ಎರಡಕ್ಕೆ ಇಳಿಯುತ್ತವೆ. ಚಾಳೀಸು ಬಂದವರಿಗೂ ಚುಕ್ಕಿ ದೂರದ್ದಾಗಿ ಕಾಣುವುದರಿಂದ ಕಷ್ಟವಿಲ್ಲ. ಇನ್ನೊಂದು ಲಾಭ ನೋಡಿ. ಕಣ್ಣಿನಿಂದ 70 ಸೆಂ.ಮೀ. ದೂರದಲ್ಲಿರುವ 3.5 ಮಿ.ಮೀ. ಅಗಲದ ಮಕ್ಖಿ 25 ಮೀಟರಿನಲ್ಲಿ ಸುಮಾರು 12 ಸೆಂ.ಮೀ. ಜಾಗವನ್ನು ಮರೆಮಾಡುತ್ತದೆ. 3 ಎಂ.ಒ.ಎ. ಅಳತೆಯ ಚುಕ್ಕಿ ಅಷ್ಟೇ ದೂರದಲ್ಲಿ ಮುಚ್ಚುವುದು 2 ಸೆಂ.ಮೀ.ಗಿಂತ ತುಸು ಹೆಚ್ಚು.

ಆಟದಲ್ಲಿ ಇದು ಅಂಕದ ಮಾತು, ಪೊಲೀಸನಿಗೆ ಇದು ಜೀವದ ಮಾತು. ಕತ್ತಲ ಓಣಿಯಲ್ಲಿ ಒಬ್ಬ ಮನುಷ್ಯ ಎದುರಿಗೆ ಬಂದು ಕೈ ಎತ್ತಿದ್ದಾನೆ ಎಂದುಕೊಳ್ಳಿ. ಅವನ ಕೈಯಲ್ಲಿರುವುದು ಮೊಬೈಲೋ ಆಯುಧವೋ? ಕಣ್ಣನ್ನು ಮಕ್ಖಿಯ ಮೇಲಿಟ್ಟವನಿಗೆ ಆ ಕೈಯೇ ಮಸುಕು. ಕಣ್ಣನ್ನು ಎದುರಿನವನ ಮೇಲೆ ಇಟ್ಟವನಿಗೆ ಆ ಕೈ ಕಾಣುವ ಅವಕಾಶ ಹೆಚ್ಚು. ಅಮೆರಿಕದ ಅನೇಕ ಪೊಲೀಸ್ ಇಲಾಖೆಗಳು ಚುಕ್ಕಿಯನ್ನು ಒಪ್ಪಲು ತರಬೇತುದಾರರು ಕೊಡುವ ಕಾರಣಗಳಲ್ಲಿ ಇದೂ ಒಂದು. ಆದರೆ ನೆನಪಿಡಿ, ಚುಕ್ಕಿ ತೋರಿಸುವುದು ನಳಿಗೆಯ ದಿಕ್ಕನ್ನು ಮಾತ್ರ. ಗುಂಡು ಹಾರಿಸಬೇಕೋ ಬೇಡವೋ ಎಂಬುದನ್ನು ಅದು ಹೇಳುವುದಿಲ್ಲ. ನೋಡಿದ್ದನ್ನು ತೂಗಿ ನಿರ್ಧರಿಸುವ ಹೊಣೆ ಮನುಷ್ಯನದೇ. ಸ್ಪಷ್ಟವಾಗಿ ಕಂಡ ಮೇಲೆ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಬರುತ್ತೇನೆ. ಚುಕ್ಕಿ ಹಾಕಿದರೆ ಗುರಿ ತಪ್ಪುವುದಿಲ್ಲವೇ? ತಪ್ಪುತ್ತದೆ. ಅಷ್ಟೇ ಅಲ್ಲ, ಹತ್ತಾರು ವರ್ಷ ಐರನ್ ಸೈಟಿನಲ್ಲಿ ಪಳಗಿದವನೂ ಮೊದಲ ದಿನಗಳಲ್ಲಿ ಹಿಂದಿಗಿಂತ ನಿಧಾನವಾಗುತ್ತಾನೆ. ಇದಕ್ಕೆ ಎರಡು ಕಾರಣಗಳಿವೆ.

ಒಂದು, ಚುಕ್ಕಿ ಕಳೆದುಹೋಗುತ್ತದೆ. ಮಕ್ಖಿಯಾದರೆ ನಳಿಗೆ ತುಸು ಮೇಲೆ ಎದ್ದರೂ ಕಾಣುತ್ತದೆ, ಎಷ್ಟು ತಗ್ಗಿಸಬೇಕೆಂದು ತಿಳಿಯುತ್ತದೆ. ಚುಕ್ಕಿಯಾದರೆ ಕೋನ ಹೆಚ್ಚು ತಪ್ಪಿದಾಗ ಕಿಟಕಿಯಲ್ಲಿ ಏನೂ ಇರುವುದಿಲ್ಲ, ಬರಿ ಗಾಜು. ಆಗ ಹೊಸಬ ಪಿಸ್ತೂಲನ್ನು ಅತ್ತಿತ್ತ ಆಡಿಸಿ ಹುಡುಕುತ್ತಾನೆ. ತನ್ನ ಕೈ ಪ್ರತಿ ಸಲವೂ ಬೇರೆ ಬೇರೆ ರೀತಿಯಲ್ಲಿ ಏಳುತ್ತಿತ್ತು, ಕಣ್ಣು ಅದನ್ನು ಸದ್ದಿಲ್ಲದೆ ತಿದ್ದುತ್ತಿತ್ತು ಎಂಬುದು ಅವನಿಗೆ ಗೊತ್ತಾಗುವುದೇ ಆಗ.

ಎರಡು, ಚುಕ್ಕಿ ಸತ್ಯ ಹೇಳುತ್ತದೆ. ಯಾರ ಕೈಯೂ ಕಲ್ಲಿನಂತೆ ನಿಲ್ಲುವುದಿಲ್ಲ. ಮಸುಕಾದ ಗುರಿಯ ಎದುರು ಆ ನಡುಕ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಈಗ ಚುಕ್ಕಿ ಗುರಿಯ ಮೇಲೆ ಕುಣಿಯುವುದು ಢಾಳಾಗಿ ಕಾಣುತ್ತದೆ. ಹೊಸಬ ಗಾಬರಿಯಾಗಿ, ಚುಕ್ಕಿ ನಡುವೆ ಬಂದ ಕ್ಷಣ ಹಿಡಿಯಬೇಕೆಂದು ಟ್ರಿಗರನ್ನು ತಟ್ಟನೆ ಎಳೆಯುತ್ತಾನೆ. ನಡುಕದಿಂದ ತಪ್ಪುತ್ತಿದ್ದುದು ಎರಡು ಬೆರಳು, ಎಳೆತದಿಂದ ತಪ್ಪುವುದು ಒಂದು ಗೇಣು.

ಇದಕ್ಕೆ ಪರಿಹಾರ ಹಳೆಯದೇ. ತರಬೇತುದಾರರು ಹೇಳುವ ಕ್ರಮ ಹೀಗಿದೆ. ಪಿಸ್ತೂಲು ಖಾಲಿಯೆಂದು ಎರಡು ಸಲ ಪರೀಕ್ಷಿಸಿ, ಆ ಕೋಣೆಯಲ್ಲಿ ಒಂದೂ ಗುಂಡಿಲ್ಲದಂತೆ ನೋಡಿಕೊಂಡು, ಸುರಕ್ಷಿತ ದಿಕ್ಕಿಗೆ ಮಾತ್ರ ಹಿಡಿದು ಅಭ್ಯಾಸ ಮಾಡಬೇಕು. ಕಣ್ಣನ್ನು ಮೊದಲು ಗುರಿಯ ಮೇಲಿನ ಒಂದು ಸಣ್ಣ ಬಿಂದುವಿನಲ್ಲಿ ನೆಡಬೇಕು. ಆಮೇಲೆ ತಲೆ ಬಗ್ಗಿಸದೆ, ಪಿಸ್ತೂಲನ್ನೇ ಕಣ್ಣಿನ ರೇಖೆಗೆ ತರಬೇಕು. ಚುಕ್ಕಿ ಕಾಣದಿದ್ದರೆ ಹುಡುಕಬಾರದು. ಕೆಳಗಿಳಿಸಿ, ಹಿಡಿತ ಸರಿಪಡಿಸಿ, ಮತ್ತೆ ನಿಧಾನವಾಗಿ ಎತ್ತಬೇಕು. ಕೈ ಸರಿಯಾದ ದಾರಿ ಕಲಿತ ದಿನ ಚುಕ್ಕಿ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ. ಕುಣಿತವನ್ನು ಒಪ್ಪಿಕೊಂಡು ಟ್ರಿಗರನ್ನು ಒಂದೇ ಸಮನೆ ಹಿಂದಕ್ಕೆ ಒತ್ತಬೇಕು. ದಿನಕ್ಕೆ ಹತ್ತು ನಿಮಿಷದ ಇಂಥ ಅಭ್ಯಾಸ, ತಿಂಗಳಿಗೊಮ್ಮೆ ಇಡೀ ದಿನ ಗುಂಡು ಸುಡುವುದಕ್ಕಿಂತ ಮೇಲು.

ಹೊಸ ಸಾಧನ ಹೊಸ ಸೇವೆಯನ್ನೂ ಕೇಳುತ್ತದೆ. ಮಕ್ಖಿಗೆ ಬ್ಯಾಟರಿ ಬೇಡ, ಚುಕ್ಕಿಗೆ ಬೇಕು. ವರ್ಷಕ್ಕೊಮ್ಮೆ ಗೊತ್ತಾದ ದಿನದಂದು ಅದನ್ನು ಬದಲಿಸುವುದು ಜಾಣತನ. ಜೋಡಿಸಿದ ಸ್ಕ್ರೂ ಸಡಿಲವಾದರೆ ಚುಕ್ಕಿ ಒಂದು ಕಡೆ, ಗುಂಡು ಒಂದು ಕಡೆ. ತೆರೆದ ಬಗೆಯ ಸಾಧನದಲ್ಲಿ ಮಳೆ ಹನಿಯೋ ಧೂಳೋ ದೀಪದ ಮೇಲೆ ಕುಳಿತರೆ ಚುಕ್ಕಿ ಕೆಡುತ್ತದೆ. ಆದುದರಿಂದ ಎಲ್ಲ ಕಡೆ ಮುಚ್ಚಿದ ಬಗೆಯವೂ ಬಂದಿವೆ. ಬೆಳಕು ಅತಿಯಾಗಿ ಹೆಚ್ಚಿಸಿದರೆ ಚುಕ್ಕಿ ಉಬ್ಬಿ ಗುರಿಯನ್ನೇ ನುಂಗುತ್ತದೆ. ಕೆಲವರಿಗೆ ಚುಕ್ಕಿ ಗುಂಡಗೆ ಕಾಣದೆ ಬಾಲವಿರುವ ನಕ್ಷತ್ರದಂತೆ ಕಾಣುತ್ತದೆ. ಸಾಧನ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಮೊಬೈಲ್ ಕ್ಯಾಮೆರಾದಲ್ಲಿ ಚುಕ್ಕಿಯ ಚಿತ್ರ ತೆಗೆದು ನೋಡಬೇಕು. ಚಿತ್ರದಲ್ಲಿ ಗುಂಡಗಿದ್ದರೆ ದೋಷ ಕಣ್ಣಿನದು. ಅಸ್ಟಿಗ್ಮ್ಯಾಟಿಸಂ ಎಂಬ ಆ ದೋಷಕ್ಕೆ ನೇತ್ರ ವೈದ್ಯರ ಬಳಿ ಕನ್ನಡಕವಿದೆ. ಇಷ್ಟೆಲ್ಲ ಇರುವುದರಿಂದಲೇ ಅನೇಕರು ಚುಕ್ಕಿಯ ಕಿಟಕಿಯೊಳಗಿಂದ ಕಾಣುವಷ್ಟು ಎತ್ತರದ ಮಕ್ಖಿಯನ್ನೂ ಕಚ್ಚನ್ನೂ ಉಳಿಸಿಕೊಳ್ಳುತ್ತಾರೆ. ದೀಪ ಆರಿದ ದಿನ ಹಳೆಯ ವಿದ್ಯೆ ಕೈ ಹಿಡಿಯುತ್ತದೆ.

ಹಾಗಾದರೆ ಎಲ್ಲರೂ ಬದಲಾಗಬೇಕೇ? ಪದಕದ ಕನಸಿನಿಂದ 10 ಮೀಟರ್ ರೇಂಜಿಗೆ ಹೋಗುವ ವಿದ್ಯಾರ್ಥಿ ಬದಲಾಗಬಾರದು. ಅವನ ಆಟದ ನಿಯಮವೇ ಮಕ್ಖಿ. ಅವನು ಅದನ್ನೇ ಆಳವಾಗಿ ಕಲಿಯಲಿ. ವಯಸ್ಸಿನಿಂದ ಮಕ್ಖಿ ಮಬ್ಬಾದ ಹವ್ಯಾಸಿ, ಚಲಿಸುವ ಗುರಿಯನ್ನು ವೇಗವಾಗಿ ಹೊಡೆಯುವ ಸ್ಪರ್ಧಿ, ಎದುರಿನವನ ಕೈಯನ್ನು ನೋಡಲೇಬೇಕಾದ ಪೊಲೀಸ್ ಇವರಿಗೆ ಚುಕ್ಕಿ ನಿಜವಾದ ಉಪಕಾರ ಮಾಡುತ್ತದೆ. ಆದರೆ ಇಬ್ಬರಿಗೂ ಹಿಡಿತ ಒಂದೇ, ನಿಲುವು ಒಂದೇ, ಉಸಿರು ಒಂದೇ, ಟ್ರಿಗರಿನ ಮೇಲಿನ ಬೆರಳಿನ ಸಂಯಮ ಒಂದೇ. ಸಾಧನ ಬದಲಾದಾಗ ಕಣ್ಣಿನ ಜಾಗ ಬದಲಾಗುತ್ತದೆ, ಕೈಯ ದುಡಿಮೆ ಬದಲಾಗುವುದಿಲ್ಲ. ನಾನು ಈ ದಿನ ಹೇಳಬೇಕಾದ ಮಾತು ಇದೊಂದೇ.

ಪ್ರೀತಿಯ ವಿದ್ಯಾರ್ಥಿಗಳೇ, ಒಂದು ಚುಕ್ಕಿಯ ಬೆಲೆಯನ್ನು ಉರ್ದು ಓದುವ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಂದೇ ಒಂದು ನುಕ್ತಾ ಹೆಚ್ಚಾದರೆ ‘ದುಆ’ ಹೋಗಿ ‘ದಗಾ’ ಆಗುತ್ತದೆ. ನಸ್ತಾಲೀಕ್ ಬರೆಯುವ ಕಾತಿಬರು ಅಕ್ಷರದ ಉದ್ದ ಅಗಲವನ್ನು ನುಕ್ತಾಗಳಿಂದಲೇ ಅಳೆಯುತ್ತಿದ್ದರು. ಈಗ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಆದರೆ ನುಕ್ತಾ ಎಲ್ಲಿಡಬೇಕೆಂದು ತಿಳಿಯದವನ ತಪ್ಪನ್ನು ಅದು ಇನ್ನಷ್ಟು ಅಂದವಾಗಿ ಮುದ್ರಿಸುತ್ತದೆ, ಅಷ್ಟೆ. ನಿಮ್ಮ ಮುಂದೆ ದಿನಕ್ಕೊಂದು ಹೊಸ ಸಾಧನ ಬರುತ್ತಿದೆ. ಅದನ್ನು ಕಂಡು ಹೆದರಬೇಡಿ, ಹಳೆಯದೇ ಶ್ರೇಷ್ಠವೆಂದು ಹಟವನ್ನೂ ಹಿಡಿಯಬೇಡಿ. ಇದು ನನ್ನಿಂದ ಯಾವ ಶ್ರಮವನ್ನು ಇಳಿಸಿತು, ಯಾವ ಹೊಸ ಶ್ರಮವನ್ನು ಬೇಡುತ್ತಿದೆ, ನನ್ನ ಕಣ್ಣನ್ನು ಎಲ್ಲಿಡಲು ಹೇಳುತ್ತಿದೆ ಎಂದು ಕೇಳಿಕೊಳ್ಳಿ. ಆ ಮೂರು ಪ್ರಶ್ನೆಗೆ ಉತ್ತರ ಕಂಡುಕೊಂಡವನು ಮಕ್ಖಿಯಿಂದಲೂ ಗುರಿ ಮುಟ್ಟುತ್ತಾನೆ, ಚುಕ್ಕಿಯಿಂದಲೂ ಮುಟ್ಟುತ್ತಾನೆ.